ಸೆಕ್ಷನ್ 7(ಐ): ಕಂಪನಿ ನೌಕರರ ಒಪ್ಪಿಗೆ ಕೇಳಲೇಬೇಕಾದ್ದು ಯಾವಾಗ?

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಷ್ಟು ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಉತ್ತರಿಸುವವರು ಎಡವುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ.

"ಒಪ್ಪಿಗೆ ಇಲ್ಲದೆ ಕಂಪನಿ ಯಾವ ಮಾಹಿತಿಯನ್ನೂ ಮುಟ್ಟುವಂತಿಲ್ಲ" ಎಂದು ಬರೆದರೆ ಉತ್ತರ ತಪ್ಪು. ಸೆಕ್ಷನ್ 4ರಲ್ಲಿ ದಾರಿ ಎರಡು: ಒಂದು ಒಪ್ಪಿಗೆ (ಸೆಕ್ಷನ್ 6), ಇನ್ನೊಂದು ಸೆಕ್ಷನ್ 7ರಲ್ಲಿ ಪಟ್ಟಿ ಮಾಡಿದ ನ್ಯಾಯಸಮ್ಮತ ಬಳಕೆಗಳು. ಆ ಪಟ್ಟಿಯ (ಐ) ಉಪಕಲಂ ಉದ್ಯೋಗಕ್ಕೆ ಸಂಬಂಧಿಸಿದ್ದು. ಉದ್ಯೋಗದ ಉದ್ದೇಶಕ್ಕೆ, ವ್ಯಾಪಾರ ರಹಸ್ಯ ಕಾಯುವುದಕ್ಕೆ, ಕಂಪನಿಯನ್ನು ನಷ್ಟದಿಂದ ಉಳಿಸಿಕೊಳ್ಳುವುದಕ್ಕೆ, ನೌಕರನೇ ಕೇಳಿದ ಸವಲತ್ತು ಕೊಡುವುದಕ್ಕೆ ಒಪ್ಪಿಗೆ ಬೇಕಿಲ್ಲ.

ಈಗ ನಿಜವಾದ ತೊಡಕು. ದಾರಿ ಬದಲಾದರೆ ಹಕ್ಕೂ ಬದಲಾಗುತ್ತದೆ. ಸೆಕ್ಷನ್ 5ರ ನೋಟಿಸ್ (ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ತಿಳಿಸುವುದು) ಒಪ್ಪಿಗೆಯ ಕೋರಿಕೆಗೆ ಅಂಟಿಕೊಂಡಿದೆ. ಸೆಕ್ಷನ್ 11 (ನನ್ನ ಯಾವ ಮಾಹಿತಿ ಇಟ್ಟುಕೊಂಡಿದ್ದೀರಿ ಎಂದು ಕೇಳುವ ಹಕ್ಕು) ಮತ್ತು ಸೆಕ್ಷನ್ 12 (ತಿದ್ದಿಸುವ, ಅಳಿಸುವ ಹಕ್ಕು) ಎರಡರಲ್ಲೂ "ಹಿಂದೆ ಒಪ್ಪಿಗೆ ಕೊಟ್ಟ" ಎಂಬ ಷರತ್ತಿದೆ. ಅದರಲ್ಲಿ 7(ಎ) (ವ್ಯಕ್ತಿಯೇ ಸ್ವಇಚ್ಛೆಯಿಂದ ಕೊಟ್ಟ ಮಾಹಿತಿ) ಸೇರಿದೆ, 7(ಐ) ಸೇರಿಲ್ಲ. ಆದ್ದರಿಂದ ಕಂಪನಿ 7(ಐ) ಹಿಡಿದರೆ ಈ ಮೂರೂ ನೌಕರನ ಕೈತಪ್ಪುತ್ತವೆ. ಕಾಯ್ದೆಯ ದೊಡ್ಡ ಕೊರತೆ ಇದೇ.

ಮುಖ್ಯವಾಗಿ ಉಳಿಯುವುದು ಸೆಕ್ಷನ್ 8 ಮತ್ತು 13. ಮಾಹಿತಿಗೆ ಭದ್ರತೆ ಒದಗಿಸಬೇಕು. ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ. ಸೋರಿಕೆಯಾದರೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತ ನೌಕರರಿಗೂ ತಿಳಿಸಬೇಕು. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅಳಿಸಬೇಕು. ದೂರು ಕೇಳುವ ವ್ಯವಸ್ಥೆಯೂ ಇರಬೇಕು.

ವಿಂಗಡಿಸಲು ಒಂದೇ ಪ್ರಶ್ನೆ ಸಾಕು: ಈ ಮಾಹಿತಿ ಇಲ್ಲದಿದ್ದರೆ ಸಂಬಳ, ಪಿಎಫ್, ಹಾಜರಿ, ಭದ್ರತೆ ಇವುಗಳಲ್ಲಿ ಯಾವುದಾದರೂ ನಿಲ್ಲುತ್ತದೆಯೇ? ಬ್ಯಾಂಕ್ ಖಾತೆ, ಪ್ಯಾನ್, ಆಫೀಸಿನ ಲ್ಯಾಪ್‌ಟಾಪ್‌ನ ಲಾಗ್ (ಬಳಕೆಯ ದಾಖಲೆ): ಈ ಕಾಯ್ದೆಯಡಿ ಒಪ್ಪಿಗೆ ಬೇಡ. ಹುಟ್ಟುಹಬ್ಬದ ಫೋಟೊವನ್ನು ಕಂಪನಿಯ ಇನ್‌ಸ್ಟಾಗ್ರಾಂಗೆ ಹಾಕುವುದು, ಕೆಲಸದ ವೇಳೆ ಮುಗಿದ ಮೇಲೂ ಸ್ವಂತ ಫೋನಿನ ಜಿಪಿಎಸ್ ನೋಡುವುದು: ಒಪ್ಪಿಗೆ ಬೇಕು. ಆಯ್ಕೆಯಾಗದ ಅಭ್ಯರ್ಥಿಯ ರೆಸ್ಯೂಮೆ ಇಟ್ಟುಕೊಳ್ಳುವುದಕ್ಕೂ ಒಪ್ಪಿಗೆ ಪಡೆಯುವುದೇ ಕ್ಷೇಮ.

ಎಚ್‌ಆರ್‌ಗಳು ಮಾಡುವ ತಪ್ಪು: ಆಫರ್ ಲೆಟರ್‌ನಲ್ಲಿ "ಎಲ್ಲ ಬಳಕೆಗೂ ಒಪ್ಪಿದ್ದೇನೆ" ಎಂಬ ಒಂದು ಸಾಲು. ಸೆಕ್ಷನ್ 6ರ ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಬೇಷರತ್ತಾಗಿರಬೇಕು. ಸಹಿ ಹಾಕದಿದ್ದರೆ ಕೆಲಸವೇ ಇಲ್ಲ ಎಂದಾದರೆ ಅದು ಮುಕ್ತ ಹೇಗಾದೀತು? ಒಪ್ಪಿಗೆ ಪಡೆದದ್ದನ್ನು ಸಾಬೀತುಪಡಿಸುವ ಹೊಣೆಯೂ ಕಂಪನಿಯದೇ. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಬರಬೇಕು. ಅದಕ್ಕೇ ಪ್ರತಿ ಉದ್ದೇಶಕ್ಕೂ ಬೇರೆ ಬೇರೆ ಟಿಕ್ ಇಡಬೇಕು. ಪಿಎಫ್‌ನಂಥ ಒಪ್ಪಿಗೆಯೇ ಬೇಡದ್ದನ್ನು ಒಪ್ಪಿಗೆಯ ಫಾರಂಗೆ ಸೇರಿಸಲೇಬಾರದು.

ಕಾಗದದ ಹಾಜರಿ ಪುಸ್ತಕ ಈ ಕಾಯ್ದೆಗೆ ಒಳಪಡದು. ಸ್ಕ್ಯಾನ್ ಮಾಡಿದ ಕ್ಷಣ ಒಳಪಡುತ್ತದೆ.

ದಿನಾಂಕ: ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಲಂಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ. ಅಲ್ಲಿಯವರೆಗೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಸೆಕ್ಷನ್ 43ಎ ಮತ್ತು ಅದರಡಿಯ 2011ರ ನಿಯಮಗಳು ಅನ್ವಯ. ಅವುಗಳಲ್ಲಿ ಬೆರಳಚ್ಚು, ಆರೋಗ್ಯ, ಬ್ಯಾಂಕ್ ವಿವರ ಸೂಕ್ಷ್ಮ ಮಾಹಿತಿ; ಪತ್ರ ಅಥವಾ ಇಮೇಲ್ ಮೂಲಕ ಲಿಖಿತ ಒಪ್ಪಿಗೆ ಬೇಕು, ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. ಬಯೋಮೆಟ್ರಿಕ್ ಹಾಜರಿಯ ಪ್ರಶ್ನೆ ಬಂದರೆ ಮೊದಲು ದಿನಾಂಕ ನೋಡಿ, ಆಮೇಲೆ ಉತ್ತರ ಬರೆಯಿರಿ.