ಕುದುರೆಯ ಕರುಳಿಗೆ ಪ್ರೊಬಯಾಟಿಕ್ ಎಷ್ಟರಮಟ್ಟಿಗೆ ಪ್ರಯೋಜನಕಾರಿ?

ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಸೂಕ್ಷ್ಮಜೀವಿಗಳ ಪುಡಿಯನ್ನೋ ಪೇಸ್ಟನ್ನೋ ಕೊಟ್ಟರೆ ಕುದುರೆಯ ಜೀರ್ಣಶಕ್ತಿ ಸುಧಾರಿಸುತ್ತದೆಯೇ ಎಂದು ಮಾಲೀಕರು ಕೇಳಿದಾಗ ನಾನು ಮೊದಲು ಹೇಳುವುದು ಆ ಪ್ರಾಣಿಯ ಕರುಳಿನ ಅಳತೆಯನ್ನು. ಕುದುರೆಯ ಜಠರ ಚಿಕ್ಕದು, ಎಂಟರಿಂದ ಹದಿನೈದು ಲೀಟರ್ ಹಿಡಿಯುವಷ್ಟು. ಹುಲ್ಲಿನ ನಾರು ಹುದುಗಿ ಶಕ್ತಿಯಾಗಿ ಬದಲಾಗುವುದು ಹಿಂಗರುಳಿನಲ್ಲಿ, ಅಂದರೆ ಸೀಕಮ್ (ದೊಡ್ಡ ಕರುಳಿನ ಆರಂಭದಲ್ಲಿರುವ ಚೀಲ) ಮತ್ತು ದೊಡ್ಡ ಕರುಳಿನಲ್ಲಿ. ಇವೆರಡೂ ಸೇರಿ ಸುಮಾರು ನೂರು ಲೀಟರ್ ಹಿಡಿಯುತ್ತವೆ. ಅಲ್ಲಿನ ಒಂದೊಂದು ಗ್ರಾಂ ದ್ರವದಲ್ಲೂ ನೂರು ಕೋಟಿಗೂ ಮಿಕ್ಕಿ ಬ್ಯಾಕ್ಟೀರಿಯಾಗಳಿರುತ್ತವೆ. ಒಂದು ಚಮಚ ಪುಡಿಯಲ್ಲಿ ಸಾವಿರ ಕೋಟಿ ಜೀವಿಗಳಿವೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ, ಅವೆಲ್ಲವೂ ಜಠರದ ಆಮ್ಲವನ್ನು ದಾಟಿ ಬದುಕಿ ಬಂದರೂ, ಅಲ್ಲಿ ಈಗಾಗಲೇ ನೆಲೆಸಿರುವ ಪ್ರತಿ ಹತ್ತು ಸಾವಿರಕ್ಕೆ ಒಂದರಂತೆಯೂ ಆಗುವುದಿಲ್ಲ. ಬಂದವು ಅಲ್ಲಿ ಬೇರೂರುವುದೂ ಅಪರೂಪ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವುದು ಸರಿಯಲ್ಲ. ಜೀವಂತ ಯೀಸ್ಟ್ ಬಗ್ಗೆ ಒಂದಿಷ್ಟು ಗಟ್ಟಿ ಆಧಾರವಿದೆ. ಧಾನ್ಯ ಹೆಚ್ಚಾದಾಗ ಸಣ್ಣ ಕರುಳಿನಲ್ಲಿ ಅರಗದ ಪಿಷ್ಟ ಹಿಂಗರುಳಿಗೆ ಇಳಿದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಆಗ ನಾರನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಕುಗ್ಗುತ್ತವೆ. ಸ್ಯಾಕರೋಮೈಸಿಸ್ ಸೆರೆವಿಸಿಯೇ ಎಂಬ ಯೀಸ್ಟ್ ಈ ಆಮ್ಲೀಯತೆಯ ಏರಿಕೆಯನ್ನು ಸ್ವಲ್ಪ ತಡೆಯುತ್ತದೆ ಎಂಬುದು ಫ್ರಾನ್ಸ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ಈ ಯೀಸ್ಟಿನ ಸಂಬಂಧಿಯಾದ ಬೌಲಾರ್ಡಿ ಎಂಬ ಯೀಸ್ಟನ್ನು ಕರುಳಿನ ತೀವ್ರ ಉರಿಯೂತವಿದ್ದ ಕುದುರೆಗಳಿಗೆ ಕೊಟ್ಟ 2005ರ ಪ್ರಯೋಗವೊಂದರಲ್ಲಿ ಕಾಯಿಲೆಯ ತೀವ್ರತೆಯೂ ಅವಧಿಯೂ ಕಡಿಮೆಯಾದವು. ಆದರೆ ಅದರಲ್ಲಿದ್ದದ್ದು ಹದಿನಾಲ್ಕೇ ಕುದುರೆಗಳು, ಮತ್ತು ಮುಂದೆ ನಡೆದ ಪ್ರಯೋಗದಲ್ಲಿ ಆ ಲಾಭ ಮತ್ತೆ ಕಾಣಲಿಲ್ಲ.

ನನಗೆ ನಿಜವಾದ ಆತಂಕವಿರುವುದು ಮರಿಗಳ ವಿಷಯದಲ್ಲಿ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಶುವೈದ್ಯರು ಕುದುರೆಗಳ ಕರುಳಿನಿಂದಲೇ ಲ್ಯಾಕ್ಟೋಬ್ಯಾಸಿಲಸ್ ಪೆಂಟೋಸಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಆರಿಸಿ ತೆಗೆದರು. ಪ್ರಯೋಗಾಲಯದಲ್ಲಿ ಅದು ಆಮ್ಲವನ್ನೂ ಪಿತ್ತರಸವನ್ನೂ ತಾಳಿಕೊಂಡಿತು, ಭೇದಿ ತರುವ ಸಾಲ್ಮೊನೆಲ್ಲಾ ಮತ್ತು ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಿತು. ಇಷ್ಟು ಪರೀಕ್ಷಿಸಿ ಆಯ್ದದ್ದನ್ನು, ಭೇದಿ ತಡೆಯುವ ಉದ್ದೇಶದಿಂದ, 153 ನವಜಾತ ಮರಿಗಳ ಪ್ರಯೋಗದಲ್ಲಿ ಬಳಸಿದಾಗ, ಔಷಧವಿಲ್ಲದ ಹುಸಿಮದ್ದು ಪಡೆದ ಮರಿಗಳಿಗಿಂತ ಇದನ್ನು ಪಡೆದ ಮರಿಗಳಲ್ಲೇ ಭೇದಿ ಹೆಚ್ಚಾಯಿತು. ಇದು ಪ್ರಕಟವಾದದ್ದು 2005ರಲ್ಲಿ. ಆದರೂ ‘ಕೊಟ್ಟರೆ ನಷ್ಟವೇನೂ ಇಲ್ಲ’ ಎಂದು ಹುಟ್ಟಿದ ಮರಿಯ ಬಾಯಿಗೆ ಪೇಸ್ಟ್ ಹಾಕುವವರನ್ನು ಈಗಲೂ ಕಾಣುತ್ತೇನೆ. ನಷ್ಟವಿದೆ. ಮರಿಗೆ ಬೇಕಾದದ್ದು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಹೊಟ್ಟೆ ತುಂಬ ತಾಯಿಯ ಗಿಣ್ಣುಹಾಲು.

ಡಬ್ಬಿಯನ್ನು ಕೊಳ್ಳುವುದೇ ಆದರೆ ಲೇಬಲ್ಲನ್ನು ಓದಿ. ಜೀವಿಯ ಪೂರ್ಣ ಹೆಸರು ಮತ್ತು ತಳಿಯ ಗುರುತು ಇರಬೇಕು. ನಮೂದಿಸಿದ ಸಂಖ್ಯೆ ತಯಾರಾದ ದಿನದ್ದಲ್ಲ, ಬಳಕೆಯ ಅವಧಿ ಮುಗಿಯುವವರೆಗಿನದು ಎಂಬ ಭರವಸೆ ಇರಬೇಕು. ಇದೇ ಗ್ವೆಲ್ಫ್‌ನ ಸಂಶೋಧಕರು ಪ್ರಾಣಿಗಳಿಗಾಗಿ ಮಾರಾಟವಾಗುತ್ತಿದ್ದ 25 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಲೇಬಲ್ಲೂ ಒಳಗಿನ ಜೀವಿಗಳ ಸಂಖ್ಯೆಯೂ ಸರಿಯಾಗಿದ್ದದ್ದು ಎರಡರಲ್ಲಿ ಮಾತ್ರ. ತಗಡಿನ ಚಾವಣಿಯಡಿ ಬೇಸಿಗೆ ಕಳೆಯುವ ನಮ್ಮ ಫೀಡ್ ರೂಮುಗಳಲ್ಲಿ ತೆರೆದಿಟ್ಟ ಡಬ್ಬಿಯೊಳಗೆ ಎಷ್ಟು ಜೀವ ಉಳಿದೀತು ಎಂಬುದನ್ನು ಓದುಗರೇ ಊಹಿಸಬಹುದು.

ಹಿಂಗರುಳಿನ ಸೂಕ್ಷ್ಮಜೀವಿಗಳನ್ನು ಕಾಪಾಡುವುದು ಹುಲ್ಲು. ಐನೂರು ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ ಏಳೂವರೆಯಿಂದ ಹತ್ತು ಕೆ.ಜಿ. ಒಣಮೇವು ಬೇಕು. ಓಟ್ಸ್, ಬಾರ್ಲಿ, ಬೇಯಿಸಿದ ಹುರುಳಿ ಎಲ್ಲ ಸೇರಿ ಒಂದು ಹೊತ್ತಿಗೆ ಎರಡು ಕೆ.ಜಿ.ಯೊಳಗಿರಲಿ, ಮೇವಿನ ಬದಲಾವಣೆ ಹತ್ತು ದಿನಗಳಲ್ಲಿ ನಿಧಾನವಾಗಿ ನಡೆಯಲಿ. ಇಷ್ಟಾದ ಮೇಲೂ ಓಟದ ಕುದುರೆಗೆ ಧಾನ್ಯವನ್ನು ಇಳಿಸಲಾಗದಿದ್ದರೆ, ಯೀಸ್ಟನ್ನು ಒಂದು ತಿಂಗಳು ಕೊಟ್ಟು, ಲದ್ದಿಯ ಗಟ್ಟಿತನ, ವಾಸನೆ ಮತ್ತು ಅದರಲ್ಲಿ ಉಳಿದ ಇಡೀ ಕಾಳುಗಳನ್ನು ಕುದುರೆ ನೋಡಿಕೊಳ್ಳುವ ಸೈಸ್‌ನಿಂದ ಪ್ರತಿದಿನ ಬರೆಸಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಜ್ವರದ ಜೊತೆ ನೀರಿನಂಥ ಭೇದಿ ಶುರುವಾದ ಕುದುರೆಗೆ ಮಾತ್ರ ಯಾವ ಡಬ್ಬಿಯನ್ನೂ ತೆರೆಯುತ್ತ ಕೂರಬೇಡಿ. ಅದು ಒಂದೇ ದಿನದಲ್ಲಿ ಹತ್ತಾರು ಲೀಟರ್ ದ್ರವ ಕಳೆದುಕೊಳ್ಳಬಲ್ಲದು, ಆದ್ದರಿಂದ ಆ ಗಳಿಗೆಯಲ್ಲೇ ಪಶುವೈದ್ಯರನ್ನು ಕರೆಸಿ.