ಹತ್ತು ಲಕ್ಷ ಚೀಟಿ, ಮೂರೇ ಪುಟ

ಕಂಪ್ಯೂಟರ್ ಫಾಸ್ಟ್ ಆಗಿರುವುದರಿಂದಲೇ ಬೇಗ ಹುಡುಕಿಕೊಡುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಸಾಫ್ಟ್‌ವೇರ್ ನಿಧಾನವಾದ ಕೂಡಲೇ ಹೊಸ ಮಷೀನ್ ತರಿಸುತ್ತಾರೆ. ಸುಮ್ನೆ ದುಡ್ಡು ದಂಡ. ಎಷ್ಟೋ ಸಲ ಮಾಹಿತಿ ಜೋಡಿಸಿಡುವ ಡೇಟಾಬೇಸಿಗೆ ಬೇಕಿರುವುದು ಒಂದೇ ಸಾಲಿನ ಆಜ್ಞೆ: ಕ್ರಿಯೇಟ್ ಇಂಡೆಕ್ಸ್. ಇಂಡೆಕ್ಸ್ ಅಂದರೆ ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಯಾವುದು ಎಲ್ಲಿದೆ ಅಂತ ತೋರಿಸುವ ಪಟ್ಟಿ.

ಕೋಲಾರದ ಟೊಮೇಟೊ ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. ಮಂಡಿಗೆ ಬರುವ ಪ್ರತಿ ಲಾಟಿಗೂ ಒಂದು ಚೀಟಿ. ರೈತರ ಹೆಸರು, ಊರು, 15 ಕೆಜಿಯ ಬಾಕ್ಸ್ ಎಷ್ಟು, ಹರಾಜಿನಲ್ಲಿ ನಿಂತ ದರ ಎಷ್ಟು. ಇವನ್ನೆಲ್ಲ ಒಂದು ಟೇಬಲ್‌ಗೆ ತುಂಬುತ್ತಾ ಹೋಗಿ ಹತ್ತು ಲಕ್ಷ ಸಾಲು ಆಯಿತು ಅಂದುಕೊಳ್ಳಿ. ಈಗ ಕಾಳಪ್ಪ ಎಂಬ ರೈತರ ಲೆಕ್ಕ ಕೇಳಿದರೆ, ಇಂಡೆಕ್ಸ್ ಇಲ್ಲದ ಡೇಟಾಬೇಸ್ ಹತ್ತು ಲಕ್ಷ ಸಾಲನ್ನೂ ಒಂದೊಂದಾಗಿ ಓದುತ್ತದೆ. ಬೇರೆ ದಾರಿ ಅದಕ್ಕೆ ಗೊತ್ತಿಲ್ಲ.

ಏನು ಬೇಕು ಅಂತ ಹೇಳಿದರೆ ಸಾಕು, ಅದು ಎಲ್ಲಿದೆ ಅಂತ ಹೇಳಬೇಕಿಲ್ಲ ಎಂಬ ವಿಚಾರವನ್ನು 1970ರಲ್ಲಿ ಮುಂದಿಟ್ಟವರು ಐಬಿಎಂನ ಎಡ್ಗರ್ ಕಾಡ್. ಅದಕ್ಕೆ ಮುಂಚೆ ಡೇಟಾದವರೆಗಿನ ದಾರಿಯನ್ನೂ ಪ್ರೋಗ್ರಾಮರೇ ಬರೆಯಬೇಕಿತ್ತು. ಕಾಡ್ ಅವರಿಗೆ 1981ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಸರಿ, ದಾರಿ ಹುಡುಕುವ ಹೊರೆ ಯಂತ್ರದ ಮೇಲೆ ಬಿತ್ತಲ್ಲ, ಅದು ಹೇಗೆ ಹುಡುಕಬೇಕು? ಉತ್ತರ ಬಂದದ್ದು ವಿಮಾನ ಮಾಡುವ ಬೋಯಿಂಗ್ ಕಂಪನಿಯ ಸಂಶೋಧನಾಲಯದಿಂದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಅಲ್ಲಿ ಬಿ-ಟ್ರೀ ಕಟ್ಟಿದರು, ಅಂದರೆ ಇಂಡೆಕ್ಸನ್ನು ಮರದಂತೆ ಕವಲೊಡೆಸಿ ಜೋಡಿಸುವ ವಿಧಾನ.

ಇದರ ಚೆಂದ ನೋಡಿ. ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಪುಟಗಳಿಗೆ, ಅಂದರೆ ಡಿಸ್ಕಿನಿಂದ ಒಂದು ಸಲಕ್ಕೆ ಓದುವ ತುಂಡುಗಳಿಗೆ, ಹಂಚುತ್ತಾರೆ. ಮೇಲಿನ ಪುಟದಲ್ಲಿ ಯಾವ ಹೆಸರಿನಿಂದ ಯಾವ ಹೆಸರಿನವರೆಗೆ ಯಾವ ಪುಟ ಅಂತಷ್ಟೇ ಇರುತ್ತದೆ. ಒಂದು ಪುಟದಿಂದ ನೂರು ಕವಲು ಒಡೆದರೆ ಎರಡನೇ ಹಂತಕ್ಕೆ ಹತ್ತು ಸಾವಿರ, ಮೂರಕ್ಕೆ ಹತ್ತು ಲಕ್ಷ. ಅಂದರೆ ಮೂರು ಪುಟ ಓದಿದರೆ ಕಾಳಪ್ಪನವರು ಸಿಕ್ಕರು! ಪ್ರತಿ ಸಲ ಅರ್ಧರ್ಧ ಮಾಡಿ ಹುಡುಕಿದ್ದರೆ ಇಪ್ಪತ್ತು ಹೆಜ್ಜೆ ಬೇಕಿತ್ತು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಪುಟ ಹುಡುಕಿ ತೆಗೆಯಲು ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ, ಹಾಗಾಗಿ ಈ ಉಳಿತಾಯ ಸಣ್ಣದಲ್ಲ.

ಪುಟ ತುಂಬಿದರೆ? ಡೇಟಾಬೇಸ್ ಅದನ್ನು ಎರಡಾಗಿ ಸೀಳಿ, ನಡುವಿನ ಹೆಸರನ್ನು ಮೇಲಿನ ಪುಟಕ್ಕೆ ಕಳಿಸುತ್ತದೆ. ಅದೂ ತುಂಬಿದ್ದರೆ ಅದನ್ನೂ ಸೀಳುತ್ತದೆ. ಎಲ್ಲಕ್ಕಿಂತ ಮೇಲಿರುವ, ಬೇರು ಅಂತ ಕರೆಯುವ ಪುಟವೇ ಒಡೆದಾಗ ಮಾತ್ರ ಹೊಸ ಹಂತ ಹುಟ್ಟುತ್ತದೆ. ತೆಂಗಿನ ಮರ ಸುಳಿಯಲ್ಲಿ ಬೆಳೆದರೆ, ಈ ಮರ ಬೇರಿನಲ್ಲಿ ಬೆಳೆಯುತ್ತದೆ. ಅದಕ್ಕೇ ಯಾವ ಹೆಸರಿಗೂ ದಾರಿ ಜಾಸ್ತಿ ಉದ್ದವಾಗುವುದಿಲ್ಲ.

ಕನ್ನಡದವರು ಒಂದು ವಿಷಯ ಗಮನಿಸಬೇಕು. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟಿರುವ ಯೂನಿಕೋಡ್ ಸಂಖ್ಯೆಗಳಲ್ಲಿ ಅದು ಲ ಆದ ಕೂಡಲೇ ಕೂತಿದೆ. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಕಾಶಪ್ಪನಿಗಿಂತ ಕಾಳಪ್ಪ ಮುಂದೆ ಬರುತ್ತಾನೆ. ಹುಡುಕಾಟಕ್ಕೆ ಏನೂ ತೊಂದರೆ ಇಲ್ಲ, ಆದರೆ ಪಟ್ಟಿ ಪ್ರಿಂಟ್ ಮಾಡಿದಾಗ ನಿಘಂಟಿನ ಕ್ರಮ ಇರುವುದಿಲ್ಲ. ಅದಕ್ಕೆ ಕನ್ನಡದ ಕೊಲೇಷನ್, ಅಂದರೆ ಅಕ್ಷರ ಜೋಡಿಸುವ ನಿಯಮ, ಆರಿಸಬೇಕು.

ಇಂಡೆಕ್ಸ್ ಬಿಟ್ಟಿ ಸಿಗುವುದಿಲ್ಲ. ಪ್ರತಿ ಹೊಸ ಚೀಟಿಗೂ ಇಂಡೆಕ್ಸಿನಲ್ಲೂ ಬರೆಯಬೇಕು, ಎಲ್ಲ ಕಾಲಂಗೂ ಹಾಕಿದರೆ ಬರೆಯುವುದೇ ನಿಧಾನವಾಗುತ್ತದೆ. ಜೊತೆಗೆ, ಕ್ರಮ ಇರುವುದು ಮೊದಲ ಅಕ್ಷರದಿಂದ. ಹೆಸರಿನ ಕೊನೆಯಲ್ಲಿ ‘ರೆಡ್ಡಿ’ ಇರುವವರನ್ನೆಲ್ಲ ಕೊಡು ಅಂದರೆ ಈ ಮರ ಕೈ ಚೆಲ್ಲುತ್ತದೆ, ಮತ್ತೆ ಹತ್ತು ಲಕ್ಷ ಸಾಲು ಓದಲೇಬೇಕು. ಅನುಮಾನವಿದ್ದರೆ ಡೇಟಾಬೇಸನ್ನೇ ಕೇಳಿ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ ಪ್ರಶ್ನೆಯ ಮುಂದೆ ‘ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್’ ಸೇರಿಸಿದರೆ ಸಾಕು. ‘ಸರ್ಚ್’ ಅಂತ ಬಂದರೆ ಮರ ಹತ್ತಿ ಹುಡುಕುತ್ತಿದೆ, ‘ಸ್ಕ್ಯಾನ್’ ಅಂತ ಬಂದರೆ ಒಂದೊಂದಾಗಿ ಓದುತ್ತಿದೆ. ಹೊಸ ಮಷೀನಿಗೆ ಆರ್ಡರ್ ಕೊಡುವ ಮುಂಚೆ ಇದನ್ನೊಮ್ಮೆ ನೋಡಿ.