ಜಪಾನಿನ ವೀರಚಿತ್ರ ಪುಸ್ತಕಗಳಲ್ಲಿ ಹಳೆಯ ಕಾಲದ ಯೋಧರೇ ಏಕೆ?

ಪ್ರಶ್ನೆ: ಎದೋ ಕಾಲದ (1603–1868) ಜಪಾನಿನಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ ವೀರರ ಚಿತ್ರಪುಸ್ತಕಗಳಲ್ಲಿ ಯೋಶಿತ್ಸುನೆ, ಬೆಂಕೇ ಮೊದಲಾದ ಹನ್ನೆರಡನೆಯ ಶತಮಾನದವರೇ ಹೆಚ್ಚಾಗಿ ಕಾಣುತ್ತಾರೆ. ಕಲಾವಿದರು ತಮಗೆ ಹತ್ತಿರದ ಕಾಲದ ಯೋಧರನ್ನು ಏಕೆ ಚಿತ್ರಿಸಲಿಲ್ಲ?

ಉತ್ತರ: ಚಿತ್ರಿಸುವ ಆಸೆ ಅವರಿಗಿತ್ತು, ಕೊಳ್ಳುವ ಓದುಗರೂ ಇದ್ದರು, ಅಡ್ಡ ಬಂದದ್ದು ಸರ್ಕಾರ. 1603ರಲ್ಲಿ ಶೋಗುನ್, ಎಂದರೆ ದೇಶವಾಳುವ ಸೇನಾಧಿಪತಿಯ, ಪದವಿಗೇರಿದ ತೊಕುಗಾವಾ ಇಯೆಯಾಸು, 1615ರಲ್ಲಿ ಒಸಾಕಾ ಕೋಟೆಯನ್ನು ಗೆದ್ದು, ಹಿಂದೆ ತಾನೇ ತಲೆಬಾಗಿದ್ದ ಹಳೆಯ ಆಳರಸ ತೊಯೊತೊಮಿ ಹಿದೆಯೋಶಿಯ ಮನೆತನವನ್ನು ಇಲ್ಲವಾಗಿಸಿದ್ದ. ಆತನ ವಂಶದವರೇ ಆಳುತ್ತಿರುವಾಗ ಹಿದೆಯೋಶಿಯ ಪರಾಕ್ರಮವನ್ನು ಕೊಂಡಾಡುವುದೆಂದರೆ, ಆ ಅಧಿಕಾರ ಅವರ ಕೈಗೆ ಬಂದ ಬಗೆಯನ್ನೇ ಕೆದಕಿದಂತಾಗುತ್ತಿತ್ತು.

ಒಕಾದಾ ಗ್ಯೊಕುಜಾನ್ ಚಿತ್ರಗಳಿದ್ದ, ಹಿದೆಯೋಶಿಯ ಜೀವನಕಥೆ ಹೇಳುವ ‘ಎಹೋನ್ ತೈಕೋಕಿ’ 1797ರಿಂದ 1802ರವರೆಗೆ ಕಂತುಕಂತಾಗಿ ಹೊರಬಂದು ಬಹಳ ಜನಪ್ರಿಯವಾಯಿತು. ಅದರ ಬೆನ್ನಿಗೇ ಹೆಸರಾಂತ ಚಿತ್ರಕಾರ ಉತಾಮಾರೊ ಮುಂತಾದವರು ಅದೇ ವಸ್ತುವಿನ ಬಿಡಿಚಿತ್ರಗಳನ್ನು ಮಾಡಿದರು. 1804ರಲ್ಲಿ ಪುಸ್ತಕಕ್ಕೆ ನಿಷೇಧ ಬಿತ್ತು. ಉತಾಮಾರೊಗೆ 3 ದಿನ ಸೆರೆವಾಸ, 50 ದಿನ ಕೈಕೋಳದ ಶಿಕ್ಷೆಯಾಯಿತು. 1573ರಲ್ಲಿ ಮೊದಲಾದ ತೆನ್ಶೋ ಯುಗದಿಂದ ಈಚಿನ ಯೋಧರ ಹೆಸರನ್ನಾಗಲಿ ಮನೆತನದ ಲಾಂಛನವನ್ನಾಗಲಿ ಚಿತ್ರಗಳಲ್ಲಿ ತೋರಿಸಕೂಡದೆಂಬ ಆಜ್ಞೆಯೂ ಹೊರಟಿತು. ಯೋಶಿತ್ಸುನೆ, ಬೆಂಕೇಯಂಥ, 1180–85ರ ಗೆನ್‌ಪೇ ಯುದ್ಧದ ವೀರರಿಗೆ ಈ ತೊಡಕು ಇರಲಿಲ್ಲ.

ಸರ್ಕಾರ ಚಾಪೆಯ ಕೆಳಗೆ ತೂರಿದರೆ ಪ್ರಕಾಶಕರು ರಂಗೋಲಿಯ ಕೆಳಗೆ ತೂರಿದರು. ಹಿದೆಯೋಶಿಯ ಒಡೆಯನಾಗಿದ್ದ ಓದಾ ನೊಬುನಾಗಾ ಚಿತ್ರಗಳಲ್ಲಿ ‘ಓತಾ ಹರುನಾಗಾ’ ಆದ. ಹಾಶಿಬಾ ಹಿದೆಯೋಶಿ (ಹಾಶಿಬಾ ಎಂಬುದು ಹಿದೆಯೋಶಿಯ ಹಿಂದಿನ ಮನೆತನದ ಹೆಸರು) ‘ಮಾಶಿಬಾ ಹಿಸಯೋಶಿ’ ಆದ. ಇದು ಯಾರೆಂದು ಓದುಗರಿಗೆ ತಿಳಿಯುತ್ತಿತ್ತು, ಅಧಿಕಾರಿಗಳಿಗೆ ತಿಳಿಯಲಿಲ್ಲವೆಂದು ನಂಬುವುದು ಕಷ್ಟ.

ಹಾಗೆಂದು ಹಳೆಯ ವೀರರನ್ನು ಆರಿಸಿಕೊಂಡದ್ದು ಬರೀ ಭಯದಿಂದ ಎನ್ನಲಾಗದು. ಅವರ ಕಥೆ ಮನೆಮಾತಾಗಿದ್ದರಿಂದ ಚಿತ್ರದ ಪಕ್ಕದಲ್ಲಿ ಹೆಸರೊಂದಿದ್ದರೂ ಸಾಕಾಗುತ್ತಿತ್ತು. ಉಳಿದ ಜಾಗವೆಲ್ಲ ಕಲಾವಿದನದು. 1836ರ ‘ಎಹೋನ್ ಸಾಕಿಗಾಕೆ’ ಎಂಬ ವೀರಚಿತ್ರ ಪುಸ್ತಕದಲ್ಲಿ ಚಿತ್ರಕಾರ ಹೊಕುಸಾಯಿ ಈ ಸ್ವಾತಂತ್ರ್ಯವನ್ನು ಪೂರ್ತಿ ಬಳಸಿಕೊಂಡಿದ್ದಾನೆ. ತೆಳು ಕಾಗದದಲ್ಲಿ ಬರೆದ ಚಿತ್ರವನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಗಳನ್ನಷ್ಟೇ ಉಳಿಸಿ ಸುತ್ತಲಿನ ಮರವನ್ನು ಕೆತ್ತಿ ತೆಗೆಯುವಾಗ ಮೂಲಚಿತ್ರ ನಾಶವಾಗುತ್ತದೆ. ಕವಚದ ಹೊಲಿಗೆ, ಗಡ್ಡದ ಎಳೆ ಎಲ್ಲವೂ ಕೆತ್ತುವವನ ಉಳಿಯನ್ನೇ ನಂಬಿರುತ್ತವೆ. ಆದ್ದರಿಂದಲೇ ಕೆತ್ತನೆಯನ್ನು ನುರಿತ ಕೆತ್ತನೆಗಾರ ಎಗಾವಾ ತೊಮೆಕಿಚಿಗೇ ವಹಿಸಬೇಕೆಂದು ಹೊಕುಸಾಯಿ ಪ್ರಕಾಶಕರನ್ನು ಒತ್ತಾಯಿಸುತ್ತಿದ್ದ.

ಹಿದೆಯೋಶಿಯ ಅಸಲಿ ಹೆಸರನ್ನು ಅಳುಕಿಲ್ಲದೆ ಅಚ್ಚುಹಾಕಲು ಶೋಗುನರ ಆಳ್ವಿಕೆ ಮುಗಿಯುವವರೆಗೂ, ಎಂದರೆ 1868ರವರೆಗೂ, ಕಾಯಬೇಕಾಯಿತು.